ಹುಲ್ಲುಗಾವಲಿಗೆ ಒಡೆಯರಿಲ್ಲ

ನಮ್ಮೂರಿನ ಬೈಸಾಲ್ ಬೇಲಿ ಹಾಕಿಸಿದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಆಗಿನ್ನೂ ಊರಿನ ಕುರಿ, ಕುದುರೆಗಳೆಲ್ಲ ಮೇಲಿನ ಬೆಟ್ಟಗಳಲ್ಲಿ ಮೇಯುತ್ತಿದ್ದವು. ಕೆಳಗೆ ನಮ್ಮೂರು ಕೆಂಗ್-ಬುಲಾಕಿನಲ್ಲಿ ಉಳಿದಿದ್ದವರು ನಮ್ಮಂಥ ಶಾಲೆಯವರು, ಮುದುಕರು, ಆಲೂಗಡ್ಡೆ ಕೀಳುವವರು ಅಷ್ಟೆ. ಲಾರಿಯಲ್ಲಿ ಕಬ್ಬಿಣದ ಕಂಬಗಳೂ ತಂತಿಯ ಸುರುಳಿಗಳೂ ಮೇಲೆ ಹೋಗುವುದನ್ನು ನೋಡಿದೆವು. ಪ್ರವಾಸಿಗಳಿಗಾಗಿ ಬೈಸಾಲ್ ಅಲ್ಲಿ ಉಣ್ಣೆಯ ಗುಡಾರಗಳನ್ನು ಹಾಕಿಸುತ್ತಾನೆ ಎಂದು ಮೊದಲೇ ಗೊತ್ತಿತ್ತು. ಒಳ್ಳೆಯದೇ, ಊರಿನ ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಅಂದುಕೊಂಡೆವು.

ಬೇಲಿ ಬಂದದ್ದು ಗುಡಾರಗಳ ಸುತ್ತ ಮಾತ್ರವಲ್ಲ, ನೀರಿನ ಬುಗ್ಗೆಯಿಂದ ಹೊಳೆಯ ದಂಡೆಯವರೆಗಿನ ಇಡೀ ಬಯಲಿಗೆ ಎಂಬುದು ಮಂದೆಗಳು ಇಳಿಯತೊಡಗಿದಾಗ ತಿಳಿಯಿತು. ನಮ್ಮ ಕುರಿಗಳು ಬೆಟ್ಟ ಹತ್ತುವುದೂ ಇಳಿಯುವುದೂ ಆ ಬಯಲಿನ ನಡುವಿನಿಂದಲೇ. ಬೇರೆ ದಾರಿ ಇಲ್ಲ. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಹೊಳೆ.

ಮೊದಲು ಇಳಿದವನು ಶಾರ್ಶೆನ್. ಗೇಟಿಗೆ ಬೀಗ, ಕಾವಲಿನವನು ಎಲ್ಲೋ ಹೋಗಿದ್ದ. ಮೋಡ ಕವಿಯುತ್ತಿತ್ತು, ಹಿಮ ಬೀಳುವ ಸೂಚನೆ. ಕಾಯುವಷ್ಟು ಕಾದು, ಮಂದೆಯನ್ನು ಹೊಳೆಗೆ ಇಳಿಸಿದ. ನಡುನೀರಿನಲ್ಲಿ ಕುದುರೆಯ ಕಾಲು ಜಾರಿತು. ಕುರಿಗಳಲ್ಲಿ ಕೆಲವು ಕೊಚ್ಚಿಹೋದವು, ಶಾರ್ಶೆನ್‌ನ ತೊಡೆ ಮೂಳೆ ಮುರಿಯಿತು. ಹಿಂದೆ ಬರುತ್ತಿದ್ದವರು ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು.

ಊರಿನಲ್ಲಿ ಎಲ್ಲರೂ ಬೈಸಾಲ್‌ನನ್ನು ಬೈದರು, ಆದರೆ ಅವನ ಎದುರಿಗಲ್ಲ. ಜಿಲ್ಲಾ ಕಚೇರಿಯಲ್ಲಿ ಅವನಿಗೆ ಗೊತ್ತಿರದವರಿರಲಿಲ್ಲ. ಮದುವೆ ಇರಲಿ, ಸಾವು ಇರಲಿ, ಊಟಕ್ಕೆ ಕೊಯ್ಯಲು ಮೊದಲು ಕುದುರೆ ಕಳಿಸುವವನು ಅವನೇ. ಬೈಯುವವರ ಮನೆಯಲ್ಲೂ ಅವನ ಉಪಕಾರ ಇದ್ದೇ ಇತ್ತು.

ಅವನ ಅತ್ತಿಗೆ ಉಲ್ಕಾನ್ ನನ್ನ ಗೆಳತಿ. ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತೇನೆ, ಅವಳು ಪೌರನೀತಿ. ಅವಳ ತರಗತಿಗೂ ನನ್ನದಕ್ಕೂ ನಡುವೆ ಹಲಗೆಯ ಗೋಡೆ. ವರ್ಷ ವರ್ಷವೂ ಶರತ್ಕಾಲದಲ್ಲಿ ಒಂಬತ್ತನೆಯ ತರಗತಿಗೆ ಅವಳು ಸಂವಿಧಾನ ಓದಿಸುವುದು ನನಗೂ ಬಾಯಿಪಾಠವಾಗುವಷ್ಟು ಕೇಳಿಸುತ್ತದೆ. ಆ ವರ್ಷವೂ ಕೇಳಿಸುತ್ತಿತ್ತು. ಹನ್ನೆರಡನೆಯ ವಿಧಿಗೆ ಬಂದಳು. ನೆಲ, ನೀರು, ಕಾಡು ದೇಶದ ಸ್ವತ್ತು. ನೆಲ ಖಾಸಗಿಯವರ ಸ್ವತ್ತೂ ಆಗಬಹುದು, ಹುಲ್ಲುಗಾವಲೊಂದನ್ನು ಬಿಟ್ಟು. ಅಷ್ಟು ಓದಿದವಳು ನಿಂತುಬಿಟ್ಟಳು.

ಆಮೇಲೆ ಸಿಬ್ಬಂದಿ ಕೋಣೆಯಲ್ಲಿ ಅವಳೇ ಹೇಳಿದಳು. ಮುಂದಿನ ಬೆಂಚಿನಲ್ಲಿ ಬೈಸಾಲ್‌ನ ಮಗಳು ಐಪೆರಿ ಕೂತಿದ್ದಳಂತೆ. ಆ ಸಾಲು ಓದಿದ ಕೂಡಲೇ ಇಡೀ ತರಗತಿ ಹುಡುಗಿಯ ಬೆನ್ನು ನೋಡಿತಂತೆ. ಹುಡುಗಿ ತಲೆ ತಗ್ಗಿಸಿ ಉಗುರಿನಿಂದ ಪೆನ್ಸಿಲ್ ಕೆರೆಯುತ್ತಾ ಕೂತಳಂತೆ.

"ಇಷ್ಟು ವರ್ಷ ಇದನ್ನ ಬರೆಸಿದೀನಿ. ಪರೀಕ್ಷೆಗೆ ಕೇಳಿದೀನಿ, ಅಂಕ ಕೊಟ್ಟಿದೀನಿ," ಅಂದಳು ಉಲ್ಕಾನ್. "ಇವತ್ತು ಮಕ್ಕಳು ನನ್ನ ಮುಖ ನೋಡ್ತಾ ಇದ್ರು. ಟೀಚರ್ ಮುಂದೆ ಏನಂತಾಳೆ ಅಂತ."

"ಏನಂದೆ?"

"ಪುಟ ತಿರುಗ್ಸಿ ಅಂದೆ. ಇನ್ನೇನನ್ಲಿ?"

ಆ ಭಾನುವಾರವೇ ಬೈಸಾಲ್‌ನ ಮನೆಗೆ ಹೋದಳು. ನಾನೂ ಜೊತೆಗಿದ್ದೆ. ಮನೆ ಹೊಸದು, ಕಿಟಕಿಗಳೆಲ್ಲ ದೊಡ್ಡವು. ಅವನು ಕಿರಿಮಗ; ನಮ್ಮ ವಾಡಿಕೆಯಂತೆ ತಾಯಿ ಇದ್ದದ್ದು ಅವನ ಮನೆಯಲ್ಲೇ. ಮುದುಕಿಯ ಹೆಸರು ಕ್ಯುಮುಶ್. ಕಿಟಕಿ ಪಕ್ಕ ಕೂತು ಉಣ್ಣೆ ಹಿಂಜುತ್ತಿದ್ದಳು.

"ಬನ್ನಿ ಅತ್ತಿಗೆ, ಮೇಲೆ ಕೂತ್ಕೊಳಿ," ಎಂದ ಬೈಸಾಲ್. "ಮೊದಲು ಚಹಾ ಕುಡೀರಿ. ಯಾಕೆ ಬಂದಿದೀರ ಅಂತ ಗೊತ್ತು."

"ಗೊತ್ತಿದ್ರೆ ನನಗೆ ಅರ್ಧ ಕೆಲಸ ಉಳೀತು. ದಾರಿ ಬಿಡು."

"ಗೇಟ್ ಇಟ್ಟಿದೀನಲ್ಲ. ಬರೋ ಮುಂಚೆ ಒಂದು ಫೋನ್ ಮಾಡಿದ್ರೆ ತೆಗೀತಾರೆ."

"ಮೇಲೆ ಸಿಗ್ನಲ್ ಎಲ್ಲಿದೆಯೋ?"

"ಅದೂ ತರಿಸ್ತೀನಿ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. "ಶಾರ್ಶೆನ್ ಅಣ್ಣಂಗೆ ಹಾಗಾಗ್ಬಾರ್ದಿತ್ತು. ಆಸ್ಪತ್ರೆಗೆ ನಾನೇ ಕಾರ್ ಕಳಿಸಿದೀನಿ. ಆದ್ರೆ ಅತ್ತಿಗೆ, ಬೇಲಿ ತೆಗೆದ್ರೆ ದನ ಬಂದು ಗುಡಾರದೊಳಗೆ ಸಗಣಿ ಹಾಕ್ತವೆ. ದೂರದಿಂದ ಬರೋ ಜನ ಸಗಣಿ ನೋಡೋಕೆ ಬರ್ತಾರಾ? ಅದು ನನ್ನ ಜಾಗ, ಜಿಲ್ಲೆಯೋರು ನನಗೆ ಮಾರಿದಾರೆ. ಕಾಗದ ಇದೆ, ಮೊಹರು ಇದೆ."

"ಹುಲ್ಲುಗಾವಲು ಯಾರ ಸ್ವಂತದ್ದೂ ಆಗಲ್ಲ ಅಂತ ಸಂವಿಧಾನದಲ್ಲೇ ಇದೆ."

"ಸಂವಿಧಾನ ರಾಜಧಾನಿಯೋರ್ಗೆ, ಬಿಷ್ಕೇಕ್‌ನೋರ್ಗೆ ಅತ್ತಿಗೆ. ಅದೂ ಈ ಚಳಿಗಾಲ ಕಳೆದ್ರೆ ಹೊಸದು ಬರುತ್ತಂತೆ. ಆಮೇಲೆ ನಿಮ್ಮ ಪುಸ್ತಕ ಒಲೆಗೆ ಹಾಕ್ಬೇಕಾಗುತ್ತೆ, ನೋಡ್ತಿರಿ."

"ಹೊಸದು ಬರೋವರೆಗೂ ಇರೋದು ಹಳೇದೇ ಕಣೋ."

ಕ್ಯುಮುಶ್ ಅಜ್ಜಿ ಉಣ್ಣೆ ಕೆಳಗಿಟ್ಟಳು. "ಏನೇ ಉಲ್ಕಾನ್, ನಿನ್ನ ಮದುವೆ ಮಾಡ್ಕೊಂಡು ಬಂದಾಗ ಇವನು ಇಷ್ಟಿದ್ದ. ನಿನ್ನ ಕೈಯಲ್ಲಿ ಅನ್ನ ತಿಂದು ಬೆಳೆದ. ಈಗ ಊರೋರ ಮುಂದೆ ಅವನ ಮಾನ ಕಳೀತೀಯಾ?"

"ಅತ್ತೆ, ದಾರಿ ಬಿಡು ಅಂದ್ರೆ ಮಾನ ಕಳೆದ ಹಾಗಾ?"

"ಮನೆ ಒಳಗೆ ಹೇಳು. ಹೊರಗೆ ಹೋಗ್ಬೇಡ."

"ಮನೆ ಒಳಗೇ ಹೇಳ್ತಿದೀನಲ್ಲ ಅತ್ತೆ. ಕೇಳ್ತಾನಾ ನೋಡಿ."

ಅವನು ಕೇಳಲಿಲ್ಲ. ಚಳಿಗಾಲದ ಆರಂಭದಲ್ಲಿ ಉಲ್ಕಾನ್, ಶಾರ್ಶೆನ್ ಮತ್ತು ಇನ್ನಷ್ಟು ಕುರಿಯವರು ಸೇರಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉಚಿತ ಕಾನೂನು ನೆರವಿನ ವಕೀಲನೊಬ್ಬ ಸಿಕ್ಕಿದ. ಉಲ್ಕಾನಳ ಗಂಡ ಓರೊಜ್ ಸಹಿ ಹಾಕಲಿಲ್ಲ. "ನೀನು ಮಾಡೋದು ತಪ್ಪು ಅನ್ನಲ್ಲ," ಎಂದ. "ಆದ್ರೆ ಒಡಹುಟ್ಟಿದೋನ ಮೇಲೆ ಕೋರ್ಟಲ್ಲಿ ನಿಲ್ಲು ಅಂತ ನನ್ನ ಕೇಳ್ಬೇಡ. ನೀನು ಹೋದ ದಿನ ಹಸು ಕರೀತೀನಿ, ಅಡಿಗೆ ಮಾಡ್ತೀನಿ. ಅಷ್ಟೇ ನನ್ನ ಕೈಲಾಗೋದು." ಹಾಗೇ ಮಾಡಿದ. ಅವನ ಅಡಿಗೆ ತಿಂದವರಿಗೇ ಗೊತ್ತು ಅದೂ ಸಣ್ಣ ತ್ಯಾಗವಲ್ಲ ಎಂದು.

ನ್ಯಾಯಾಲಯದಲ್ಲಿ ಬೈಸಾಲ್‌ನ ವಕೀಲ ಒಂದೇ ಮಾತು ಹೇಳಿದ: ದೇಶದ ಸಂವಿಧಾನವೇ ಬದಲಾಗಲಿದೆ, ಜನಮತಗಣನೆ ನಡೆಯಲಿ, ಆಮೇಲೆ ನೋಡೋಣ. ನ್ಯಾಯಾಧೀಶರು ವಿಚಾರಣೆಯನ್ನು ವಸಂತಕ್ಕೆ ಮುಂದೂಡಿದರು.

ಹೊಸ ಸಂವಿಧಾನದ ಕರಡು ಊರಿಗೆ ಬಂದಾಗ ಜನ ಶಾಲೆಯಲ್ಲೇ ಸೇರಿದರು. ಬೇರೆ ವರ್ಷಗಳಲ್ಲಿ ಯಾರೂ ಬರುತ್ತಿರಲಿಲ್ಲ; ಸಂವಿಧಾನ ತಿದ್ದುವುದು ನಮ್ಮಲ್ಲಿ ಹೊಸ ಸುದ್ದಿಯೇ ಅಲ್ಲ. ಈ ಸಲ ಬೆಂಚುಗಳು ಸಾಲಲಿಲ್ಲ. ಶಾರ್ಶೆನ್ ಊರುಗೋಲಿನಲ್ಲಿ ಬಂದ, ಹಿಂದೆ ಅವನ ಹೆಂಡತಿ ಬುರ್ಮಾ. ಓರೊಜ್ ಕೂಡ ಬಂದು ಬಾಗಿಲ ಬಳಿ ನಿಂತ.

"ನಮ್ಮ ಹಳೇ ಕಾರಿಗೂ ಇಷ್ಟು ಸಲ ರಿಪೇರಿ ಆಗಿಲ್ಲ ಬಿಡಿ," ಎಂದ ಯಾರೋ.

ಉಲ್ಕಾನ್ ಕಪ್ಪು ಹಲಗೆಯ ಮೇಲೆ ಒಂದರ ಕೆಳಗೆ ಒಂದು ಗೆರೆ ಎಳೆದಳು. "ಎಲ್ಲಕ್ಕಿಂತ ಮೇಲೆ ಸಂವಿಧಾನ. ಅದರ ಕೆಳಗೆ ಪಾರ್ಲಿಮೆಂಟು ಮಾಡೋ ಕಾನೂನು. ಅದರ ಕೆಳಗೆ ಸರ್ಕಾರದ ಆದೇಶ. ಅದಕ್ಕೂ ಕೆಳಗೆ ಜಿಲ್ಲಾ ಕಚೇರಿ, ನಮ್ಮ ಊರಿನ ಸಭೆ ಕೊಡೋ ಕಾಗದ. ಕೆಳಗಿನದು ಮೇಲಿನದಕ್ಕೆ ಎದುರಾದ್ರೆ ಕೆಳಗಿನದು ಬೀಳುತ್ತೆ."

"ಹಂಗಾದ್ರೆ ಮೇಲಿನದನ್ನೇ ಬದಲಾಯಿಸಿಬಿಟ್ರೆ?" ಎಂದು ಕೇಳಿದ ಶಾರ್ಶೆನ್. "ನನ್ನ ಕಾಲು ಮುರಿದದ್ದು ಹಳೇ ಸಂವಿಧಾನದಲ್ಲಿ. ಕೇಸು ನಡೆಯೋದು ಹೊಸದರಲ್ಲಿ."

"ಅದಕ್ಕೇ ಯಾರು ಬೇಕಾದ್ರೂ ಬದಲಾಯಿಸೋ ಹಾಗಿಲ್ಲ. ಕೆಲವು ಭಾಗಾನ ಪಾರ್ಲಿಮೆಂಟು ಮೂರನೇ ಎರಡರಷ್ಟು ಬಹುಮತ ಇದ್ರೆ ತಿದ್ದಬಹುದು. ಬುಡದ ಭಾಗಗಳಿವೆಯಲ್ಲ, ದೇಶ ಅಂದ್ರೇನು, ನೆಲ ಯಾರ್ದು, ನಮ್ಮ ಹಕ್ಕುಗಳೇನು, ಅದನ್ನ ಮುಟ್ಬೇಕಾದ್ರೆ ನಮ್ಮನ್ನೇ ಕೇಳ್ಬೇಕು. ಓಟು ಹಾಕಿಸ್ಬೇಕು."

"ಸಂವಿಧಾನ ಎಷ್ಟು ಸಲ ಬದಲಾಯ್ತು, ನನ್ನ ಹೆಂಡ್ತಿ ಮಾತ್ರ ಅವಳೇ," ಎಂದು ಶಾರ್ಶೆನ್ ನಿಟ್ಟುಸಿರು ಬಿಟ್ಟ.

ಬುರ್ಮಾ ಕೂತಲ್ಲಿಂದಲೇ ಅಂದಳು: "ಬದಲಾಯಿಸೋಕೆ ನಿನಗೆ ಮೂರನೇ ಎರಡರಷ್ಟು ಬಹುಮತ ಎಲ್ಲಿದೆ? ಇರೋದು ಒಂದೂವರೆ ಕಾಲು."

ನಗು ನಿಂತ ಮೇಲೆ ಉಲ್ಕಾನ್ ಕರಡು ಓದತೊಡಗಿದಳು. ಹನ್ನೆರಡನೆಯ ವಿಧಿಗೆ ಬಂದಾಗ ಅಲ್ಲಿ ಬೇರೇನೋ ಇತ್ತು. ನೆಲದ ಮಾತೇ ಇಲ್ಲ. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಾ ಹೋಯಿತು. ಪುಟ ತಿರುಗಿಸಿದಳು. ಹದಿನಾರನೆಯದರಲ್ಲಿ ಆ ಸಾಲು ಸಿಕ್ಕಿತು. ಹುಲ್ಲುಗಾವಲು ಖಾಸಗಿಯಾಗುವಂತಿಲ್ಲ, ಜೊತೆಗೆ ಕಾಡೂ ಸೇರಿತ್ತು. ಅವಳು ಎರಡು ಸಲ ಓದಿದಳು.

"ಮತ್ತಿನ್ನೇನು ಟೀಚರ್, ಎಲ್ಲರೂ ಇದಕ್ಕೇ ಓಟು ಹಾಕೋಣ," ಎಂದ ಶಾರ್ಶೆನ್.

"ನೀನು ಹಾಕು. ನಾನು ಹಾಕಲ್ಲ."

ಎಲ್ಲರೂ ಅವಳನ್ನು ನೋಡಿದರು.

"ಒಂದು ಸಾಲು ಚೆನ್ನಾಗಿದೆ ಅಂತ ಇಡೀ ಪುಸ್ತಕಕ್ಕೆ ಹೂಂ ಅನ್ನಕ್ಕಾಗಲ್ಲ. ಅಧ್ಯಕ್ಷರ ಕೈಗೆ ತುಂಬ ಅಧಿಕಾರ ಹೋಗುತ್ತೆ, ಪಾರ್ಲಿಮೆಂಟು ಸೊರಗುತ್ತೆ. ನನಗೆ ಅದು ಸರಿ ಕಾಣಲ್ಲ. ನಿಮಗೆ ಸರಿ ಕಂಡ್ರೆ ನೀವು ಹಾಕಿ, ಅದಕ್ಕೇ ಓಟು ಅನ್ನೋದು."

ಏಪ್ರಿಲ್‌ನಲ್ಲಿ ಜನಮತಗಣನೆ ನಡೆಯಿತು. ನಮ್ಮ ಶಾಲೆಯೇ ಮತಗಟ್ಟೆ, ನಾನು ಸಿಬ್ಬಂದಿಯಲ್ಲಿ ಒಬ್ಬಳು. ರಸ್ತೆಯಲ್ಲಿ ಇನ್ನೂ ಕೆಸರುಹಿಮ. ಬೈಸಾಲ್ ಮುದುಕರನ್ನೆಲ್ಲ ತನ್ನ ಜೀಪಿನಲ್ಲಿ ಕರೆತಂದ. ಹೊಸದಕ್ಕೇ ಹಾಕಿ, ದೇಶಕ್ಕೆ ಗಟ್ಟಿ ಕೈ ಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದನಂತೆ. ಉಲ್ಕಾನ್ ಬಂದಳು, ಓಟು ಹಾಕಿದಳು, ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ಹೊಸ ಸಂವಿಧಾನ ಗೆದ್ದಿತು. ನಮ್ಮ ಊರಿನಲ್ಲೂ ಗೆದ್ದಿತು.

ಹುಲ್ಲು ಚಿಗುರುವ ಹೊತ್ತಿಗೆ ಜಿಲ್ಲಾ ನ್ಯಾಯಾಲಯ ಮತ್ತೆ ಕೂತಿತು. ಸಾಲು ಉಳಿದುಕೊಂಡಿದೆ, ಇನ್ನೇನು ಗೆದ್ದೆವು ಎಂದು ನಾವೆಲ್ಲ ವ್ಯಾನು ಮಾಡಿಕೊಂಡು ಹೋದೆವು. ಬೈಸಾಲ್‌ನ ವಕೀಲ ಎದ್ದು ನಿಂತು ಹೇಳಿದ: ಹುಲ್ಲುಗಾವಲು ಖಾಸಗಿಯಾಗಬಾರದು, ಒಪ್ಪಿದೆ. ಆದರೆ ಈ ಜಾಗ ಹುಲ್ಲುಗಾವಲೇ ಅಲ್ಲ. ಜಿಲ್ಲಾ ಕಚೇರಿಯವರು ಇದನ್ನು ಕಲ್ಲುಬಂಜರು ಎಂದು ಬೇರೆ ವರ್ಗಕ್ಕೆ ಸೇರಿಸಿದ್ದಾರೆ. ಬಂಜರನ್ನು ಮಾರಲು ಯಾವ ಅಡ್ಡಿಯೂ ಇಲ್ಲ.

ನ್ಯಾಯಾಧೀಶರು ಒಪ್ಪಿದರು. ನಾವು ಸೋತೆವು.

ವಾಪಸು ಬರುವಾಗ ವ್ಯಾನಿನಲ್ಲಿ, ಊರು ಹತ್ತಿರವಾದಾಗ ಉಲ್ಕಾನ್ ತನ್ನಷ್ಟಕ್ಕೆ ಹೇಳಿಕೊಂಡಂತೆ ಅಂದಳು: "ಸಂವಿಧಾನ ಮುಟ್ಟಲಿಲ್ಲ. ಹೆಸರು ಬದಲಾಯಿಸಿಬಿಟ್ರು. ಎಷ್ಟು ಸುಲಭ ಅಲ್ವಾ?"

ಬೇಸಿಗೆಗೆ ಮಂದೆಗಳು ಹೊರಟಾಗ ಬೈಸಾಲ್ ಗೇಟು ತೆಗೆಸಿ ತಾನೇ ನಿಂತಿದ್ದ. ಒಬ್ಬೊಬ್ಬರಿಗೂ "ಹೋಗಿ ಅಣ್ಣ, ಹೋಗಿ" ಎಂದ. ಜನಕ್ಕೆ ಅದೇ ಹೆಚ್ಚು ಚುಚ್ಚಿತು. ತಮ್ಮ ದಾರಿಯಲ್ಲಿ ಅವನ ದಯೆಯಿಂದ ನಡೆದರು.

ನಮ್ಮ ವಕೀಲ ಮೇಲ್ಮನವಿ ಹಾಕಿದ. ಹುಲ್ಲುಗಾವಲಿನ ವರ್ಗ ಬದಲಾಯಿಸುವ ಅಧಿಕಾರ ಕಾನೂನಿನ ಪ್ರಕಾರ ಜಿಲ್ಲೆಯವರಿಗೆ ಇಲ್ಲವೇ ಇಲ್ಲ ಎಂಬುದು ಅವನ ವಾದ. ಅದಕ್ಕೆ ಎದುರಾಗಿ ಬೈಸಾಲ್‌ನ ವಕೀಲ, ಆ ಬಯಲು ಎಂದೂ ಹುಲ್ಲುಗಾವಲಾಗಿರಲೇ ಇಲ್ಲ, ಹಳೆಯ ನಕ್ಷೆಯಲ್ಲಿ ತಪ್ಪಾಗಿತ್ತು, ಜಿಲ್ಲೆಯವರು ತಪ್ಪು ಸರಿಪಡಿಸಿದ್ದಾರಷ್ಟೆ ಎಂದು ವಾದ ಹೂಡಿದ. ಅದಕ್ಕೆ ಸಾಕ್ಷಿ ಬೇಕಿತ್ತು. ಊರಿನ ಹಿರಿಯರಲ್ಲಿ ಎಲ್ಲರೂ ನಂಬುವವರು ಯಾರು ಎಂದು ಹುಡುಕಿ, ಕೊನೆಗೆ ಅವನು ಕರೆತಂದದ್ದು ಕ್ಯುಮುಶ್ ಅಜ್ಜಿಯನ್ನು.

ಪ್ರಾಂತ್ಯದ ನ್ಯಾಯಾಲಯದ ಕೋಣೆ ಚಿಕ್ಕದು, ಸೆಕೆ. ಮೂವರು ನ್ಯಾಯಾಧೀಶರು. ಅಜ್ಜಿ ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಮಗನ ಕೈ ಹಿಡಿದು ಬಂದಳು. ಸೊಸೆಯ ಕಡೆ ನೋಡಲಿಲ್ಲ. ಉಲ್ಕಾನ್ ಎದ್ದು ನಿಂತು ಅತ್ತೆ ಕೂರುವವರೆಗೂ ನಿಂತೇ ಇದ್ದಳು.

"ಅಜ್ಜಿ, ಆ ಬಯಲಲ್ಲಿ ಕಲ್ಲುಗಳಿದಾವಾ?" ಎಂದು ಕೇಳಿದ ಬೈಸಾಲ್‌ನ ವಕೀಲ.

"ಇದಾವಪ್ಪ. ಬೆಟ್ಟದಲ್ಲಿ ಕಲ್ಲಿಲ್ದೆ ಇನ್ನೇನಿರುತ್ತೆ?"

"ಅಷ್ಟೇ ಅಜ್ಜಿ. ಸಾಕು."

ನಡುವೆ ಕೂತಿದ್ದ ವಯಸ್ಸಾದ ನ್ಯಾಯಾಧೀಶರು ಕನ್ನಡಕ ತೆಗೆದರು. "ಹುಲ್ಲು ಇದೆಯಾಮ್ಮ?"

ಅಜ್ಜಿ ಮಗನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ.

"ಇದೆ ಸ್ವಾಮಿ. ಬುಗ್ಗೆ ಹತ್ರ ಮೊಣಕಾಲುದ್ದ ಬರುತ್ತೆ."

"ಅಲ್ಲಿ ಯಾರಾದ್ರೂ ಮೇಯಿಸ್ತಿದ್ರಾ?"

"ಯಾರಾದ್ರೂ ಏನು, ನಾವೇ. ಇವನು ಹುಟ್ಟಿದ್ದೇ ಅಲ್ಲಿ. ಕುದುರೆ ಹಾಲು ಕರೀತಾ ಇದ್ದೆ, ನೋವು ಬಂತು. ಬಕೆಟ್ ಇಟ್ಟು ಗುಡಾರದೊಳಗೆ ಹೋದೆ. ಇವನ ಹೊಕ್ಕಳು ಬಳ್ಳಿ ಕೊಯ್ದೋಳು ಅಗೋ ಆ ಶಾರ್ಶೆನ್‌ನ ತಾಯಿ. ಊರಿನ ಮಂದೆ ಎಲ್ಲ ಅಲ್ಲೇ ಇತ್ತು ಆಗ."

ವಕೀಲ ಎದ್ದ. "ಸ್ವಾಮಿ, ಅಜ್ಜಿಗೆ ವಯಸ್ಸಾಗಿದೆ, ಮರೆವು..."

"ಹೆತ್ತಿದ್ದನ್ನ ಯಾವ ಹೆಂಗಸು ಮರೀತಾಳಪ್ಪ?" ಎಂದಳು ಅಜ್ಜಿ. "ಮನೆಗೆ ಹೋಗಿ ನಿಮ್ಮಮ್ಮನ್ನ ಕೇಳು."

ಒಬ್ಬ ನ್ಯಾಯಾಧೀಶರು ಬಾಯಿಗೆ ಕೈ ಅಡ್ಡ ಹಿಡಿದರು. ಬೈಸಾಲ್‌ನ ಕಿವಿಗಳು ಕೆಂಪಾಗಿದ್ದವು.

ಹೊರಗೆ ಬಂದ ಮೇಲೆ ಅಜ್ಜಿ ಅಂಗಳದ ಬೆಂಚಿನ ಮೇಲೆ ಕೂತುಬಿಟ್ಟಳು. ಮಗನ ಜೀಪನ್ನೂ ಹತ್ತಲಿಲ್ಲ, ನಮ್ಮ ವ್ಯಾನನ್ನೂ ಹತ್ತಲಿಲ್ಲ. ಉಲ್ಕಾನ್ ಪಕ್ಕದಲ್ಲಿ ಹೋಗಿ ಕೂತಳು. ಬ್ಯಾಗಿನಿಂದ ರೊಟ್ಟಿ ತೆಗೆದು ಮುರಿದು ಕೊಟ್ಟಳು. ಅಜ್ಜಿ ತೆಗೆದುಕೊಂಡಳು.

"ನಿನ್ನ ಸಂವಿಧಾನಕ್ಕೋಸ್ಕರ ಹೇಳಿಲ್ಲ ಕಣೇ," ಎಂದಳು. "ಅಲ್ಲಿ ಹುಲ್ಲಿತ್ತು. ಅದಕ್ಕೆ ಹೇಳ್ದೆ."

"ಗೊತ್ತು ಅತ್ತೆ."

"ಅವನು ಇನ್ನು ನನ್ನ ಜೊತೆ ಮಾತಾಡ್ತಾನೋ ಇಲ್ವೋ."

"ನಮ್ಮನೇಗೆ ಬನ್ನಿ."

"ನಾನ್ಯಾಕೆ ಬರ್ಲಿ? ನನ್ನ ಕಿರಿಮಗನ ಮನೆ ಇದೆ ನನಗೆ." ರೊಟ್ಟಿ ಮುಗಿಸಿ, ಮಡಿಲಿಗೆ ಬಿದ್ದ ಚೂರು ಕೊಡವಿ ಎದ್ದು, ಹೋಗಿ ಬೈಸಾಲ್‌ನ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಅವನು ಬಾಗಿಲು ಹಾಕಿದ.

ತೀರ್ಪು ಬಂದದ್ದು ಸೆಪ್ಟೆಂಬರಿನಲ್ಲಿ. ಆ ಬಯಲು ಹುಲ್ಲುಗಾವಲೇ, ಅದರ ವರ್ಗ ಬದಲಾಯಿಸಲು ಜಿಲ್ಲೆಯವರಿಗೆ ಅಧಿಕಾರವಿರಲಿಲ್ಲ, ಹದಿನಾರನೆಯ ವಿಧಿಗೆ ವಿರುದ್ಧವಾದ್ದರಿಂದ ಮಾರಾಟದ ಕಾಗದಕ್ಕೆ ಬೆಲೆಯಿಲ್ಲ, ಬೇಲಿ ತೆಗೆಯತಕ್ಕದ್ದು. ನ್ಯಾಯಾಧೀಶರು ಹವಾಮಾನ ವರದಿ ಓದುವಂತೆ ಓದಿದರು.

ಮೆಟ್ಟಿಲಿನ ಮೇಲೆ ಬೈಸಾಲ್ ಎದುರಾದ. ನನ್ನೆದುರೇ ಹೇಳಿದ: "ಅತ್ತಿಗೆ, ನನಗೊಂದು ಅರ್ಥ ಆಗ್ತಿಲ್ಲ. ಈ ಸಂವಿಧಾನಕ್ಕೆ ಓಟು ಹಾಕಿದೋನು ನಾನು. ಜೀಪಿಗೆ ಪೆಟ್ರೋಲ್ ಹಾಕಿಸಿ ಜನ ಕರ್ಕೊಂಡ್ಬಂದೋನು ನಾನು. ಬೇಡ ಅಂದೋರು ನೀವು. ಈಗ ಅದೇ ಹಿಡ್ಕೊಂಡು ನನ್ನ ತಲೆ ಮೇಲೆ ಹೊಡೀತೀರ."

"ಬೇಡ ಅಂದೋರಿಗೂ ಅದೇ, ಬೇಕು ಅಂದೋರಿಗೂ ಅದೇ," ಎಂದಳು ಉಲ್ಕಾನ್. "ಗೆದ್ದೋರಿಗೆ ಒಂದು, ಸೋತೋರಿಗೆ ಒಂದು ಇರಲ್ಲ ಬೈಸಾಲ್. ನಾಳೆ ನಿನ್ನನ್ನ ಯಾರಾದ್ರೂ ಸುಮ್ನೆ ಹಿಡ್ಕೊಂಡು ಹೋದ್ರೆ, ಆಗ ಅದೇ ಪುಸ್ತಕ ಹಿಡ್ಕೊಂಡು ನಾನೇ ಬರ್ತೀನಿ."

"ಬರ್ತೀರ ಅಂತ ಗೊತ್ತು," ಎಂದ ಬೈಸಾಲ್. ಸಿಟ್ಟಿನಲ್ಲೇ ಹೇಳಿದ. ಹೇಳಿ ಹೋದ.

ಕಂಬಗಳನ್ನು ಕಿತ್ತದ್ದು ಅವನೇ. ಆ ದಿನ ಮಾತ್ರ ಓರೊಜ್ ಮನೆಯಲ್ಲಿ ಅಡಿಗೆ ಮಾಡಲಿಲ್ಲ. ಬೆಳಿಗ್ಗೆಯೇ ಕುದುರೆ ಹತ್ತಿ ಮೇಲೆ ಹೋಗಿ, ಸಂಜೆಯವರೆಗೆ ತಮ್ಮನ ಜೊತೆ ತಂತಿ ಸುತ್ತಿದ. ಇಬ್ಬರೂ ಏನು ಮಾತಾಡಿದರೋ ತಿಳಿಯದು. ಓರೊಜ್ ಹೇಳಿದ್ದು ಇಷ್ಟೆ: "ಕಂಬ ಚೆನ್ನಾಗಿ ನೆಟ್ಟಿದ್ದ. ಕೀಳೋಕೆ ಜೀವ ಹೋಯ್ತು."

ಗುಡಾರಗಳು ಉಳಿದವು. ಊರಿನ ಹುಲ್ಲುಗಾವಲು ಸಮಿತಿಯವರು ಬುಗ್ಗೆಯಿಂದ ಸ್ವಲ್ಪ ದೂರದಲ್ಲಿ, ದಾರಿಗೆ ಅಡ್ಡವಾಗದ ಕಡೆ, ಬೇಸಿಗೆಗಷ್ಟೇ ಎಂದು ಅನುಮತಿ ಕೊಟ್ಟರು. ಮುಂದಿನ ಬೇಸಿಗೆಯಲ್ಲಿ ಕುರಿಗಳು ಗುಡಾರಗಳ ನಡುವೆ ನುಗ್ಗಿದಾಗ ಪ್ರವಾಸಿಗಳು ಕೂಗಾಡಲಿಲ್ಲ, ಫೋಟೋ ತೆಗೆದುಕೊಂಡರು. ಸಗಣಿ ತುಳಿದವನೊಬ್ಬ ಅದರದ್ದೂ ಫೋಟೋ ತೆಗೆದುಕೊಂಡ. ಶಾರ್ಶೆನ್ ಈಗಲೂ ಕುಂಟುತ್ತಾನೆ. ಮಂದೆಯನ್ನು ಮಗ ನೋಡಿಕೊಳ್ಳುತ್ತಾನೆ.

ಬೈಸಾಲ್ ಅತ್ತಿಗೆಯ ಮನೆಯ ಹೊಸ್ತಿಲು ತುಳಿಯಲಿಲ್ಲ, ಒಂದು ಚಳಿಗಾಲ ಪೂರ್ತಿ. ಹಬ್ಬಕ್ಕೆ ಐಪೆರಿಯ ಕೈಯಲ್ಲಿ ಮಾಂಸ ಕಳಿಸಿದ. ಉಲ್ಕಾನ್ ಪಾತ್ರೆ ಖಾಲಿ ಕಳಿಸದೆ ಕರಿದ ಹಿಟ್ಟಿನುಂಡೆ ತುಂಬಿಸಿ ವಾಪಸು ಕೊಟ್ಟಳು. ಅಷ್ಟರ ಮಟ್ಟಿಗೆ ಸಂಬಂಧ ನಡೆಯಿತು.

ಮುಂದೆ ಊರಿನ ಸಭೆಗೆ ಚುನಾವಣೆ ಬಂತು, ಬೈಸಾಲ್ ನಿಂತ. ಮನೆ ಮನೆಗೆ ಓಟು ಕೇಳುತ್ತಾ ಬಂದವನು ಅಣ್ಣನ ಮನೆಯ ಮುಂದೆ ಸ್ವಲ್ಪ ಹೊತ್ತು ಹಿಂದೆ ಮುಂದೆ ನೋಡಿ, ಆಮೇಲೆ ಒಳಗೆ ಬಂದ. ನಾನು ಅಲ್ಲೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ.

"ಅತ್ತಿಗೆ, ಓಟು ಕೇಳೋಕೆ ಬಂದಿದೀನಿ."

"ಮೊದಲು ಕೂತ್ಕೋ. ಚಹಾ ಕುಡಿ."

ಕೂತ. ಎರಡು ಬಟ್ಟಲು ಕುಡಿದ. ಮೂರನೆಯದನ್ನು ಬಗ್ಗಿಸುವಾಗ ಮತ್ತೆ ಕೇಳಿದ: "ನನಗೆ ಹಾಕ್ತೀರಾ ಇಲ್ವಾ, ಅದನ್ನ ಹೇಳಿ."

"ಮತದಾನ ರಹಸ್ಯ ಕಣೋ."

"ಅದೂ ಸಂವಿಧಾನದಲ್ಲಿದೆಯಾ?"

"ಎಷ್ಟನೇ ವಿಧಿ ಅಂತ ಹುಡುಕಿಕೊಂಡು ಬಾ. ಗೆದ್ರೆ ಬೇಕಾಗುತ್ತೆ."

ಓರೊಜ್ ಮೂಲೆಯಲ್ಲಿ ಕುದುರೆಯ ಜೀನು ಹೊಲಿಯುತ್ತಾ ನಗುತ್ತಿದ್ದ. ಬೈಸಾಲ್ ಗೆದ್ದ. ಒಳ್ಳೆಯ ಅಂತರದಿಂದಲೇ ಗೆದ್ದ. ಉಲ್ಕಾನ್ ಯಾರಿಗೆ ಹಾಕಿದಳೆಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.